ಅತ್ಲೋನ್ – ಬ್ಯಾಲಿಹೌರಾ, ವಯಾ ಗಾರ್ಟ್

ಮಹಾದೇವ ಸುಳ್ಳುಗಾರನಲ್ಲ. ಸುಳ್ಳು ಹೇಳುವುದಕ್ಕೆ ಬೇಕಾದ ಜ್ಞಾಪಕಶಕ್ತಿಯಾಗಲಿ ಧೈರ್ಯವಾಗಲಿ ಅವನಿಗಿರಲಿಲ್ಲ. ಅವನ ಕಾಯಿಲೆಯೇ ಬೇರೆ. ಯಾರು ಏನು ಕೇಳಿದರೂ ಮೊದಲು ಹೌದು ಅಂದುಬಿಡುತ್ತಿದ್ದ. ಕೇಳಿದ್ದೇನು ಅಂತ ಆಮೇಲೆ ಯೋಚಿಸುತ್ತಿದ್ದ. ಐರ್ಲೆಂಡಿಗೆ ಬಂದದ್ದು, ಅತ್ಲೋನ್ ಪಟ್ಟಣದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ವರ್ಷದಿಂದ ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂತದ್ದು, ಎಲ್ಲ ಹೀಗೆ ಹೌದು ಅಂದದ್ದರ ಫಲ. ಸೈಕಲ್ಲು ಬಂದದ್ದೂ ಹಾಗೆಯೇ. ಕಂಪನಿಯವರು ಎರಡು ವರ್ಷದ ಹಿಂದೆ, ನೌಕರರಿಗೆ ರಿಯಾಯಿತಿಯಲ್ಲಿ ಸೈಕಲ್ ಕೊಡಿಸುತ್ತೇವೆ, ನಿಮಗೂ ಒಂದು ಬೇಕೇ ಎಂದು ಕೇಳಿದ್ದರು. ದಪ್ಪ ಟಯರಿನ, ಬೆಟ್ಟ ಹತ್ತುವ ಆ ಸೈಕಲ್ಲು ಮಹಡಿಯ ಸಣ್ಣ ಕೋಣೆಗೆ ಸೇರಿತು. ಹೆಂಡತಿ ದ್ರಾಕ್ಷಾಯಿಣಿ ಅದರ ಮೇಲೆ ಬಟ್ಟೆ ಒಣಹಾಕತೊಡಗಿದಳು. ಐರ್ಲೆಂಡಿನಲ್ಲಿ ಬಟ್ಟೆ ಒಣಗುವುದು ಒಂದು ಉದ್ಯೋಗವೇ ಆದ್ದರಿಂದ ಎರಡು ವರ್ಷ ಆ ಸೈಕಲ್ಲಿಗೆ ಒಂದು ದಿನವೂ ರಜೆ ಸಿಗಲಿಲ್ಲ.

ಕೋವಿಡ್ ಬಂದು ಆಫೀಸು ಮುಚ್ಚಿದ ಮೇಲೆ ಆ ಕೋಣೆಯೇ ಮಹಾದೇವನ ಆಫೀಸಾಯಿತು. ಪ್ರತಿ ಶುಕ್ರವಾರ ಮಧ್ಯಾಹ್ನ ಲಿಮೆರಿಕ್ ಕಡೆಯ ಅವನ ಮ್ಯಾನೇಜರ್ ಫರ್ಗಲ್ ವಿಡಿಯೋ ಮೀಟಿಂಗ್ ಕರೆದು, ವಾರಾಂತ್ಯಕ್ಕೆ ಏನು ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಒಬ್ಬ ಸಮುದ್ರದಲ್ಲಿ ಈಜುತ್ತಿದ್ದ, ಒಬ್ಬಳು ಬ್ರೆಡ್ ಸುಡುತ್ತಿದ್ದಳು, ಇನ್ನೊಬ್ಬ ಕೋಳಿ ಸಾಕಿದ್ದ. ಮಹಾದೇವ ಹದಿನಾರು ವಾರ ಸತತವಾಗಿ 'ವಿಶೇಷ ಏನಿಲ್ಲ' ಅಂದಿದ್ದ.

ಜುಲೈ ಹದಿನೇಳರ ಶುಕ್ರವಾರ ಬಿಸಿಲು ಬಂತು. ಒಂಬತ್ತು ದಿನದ ಮೇಲೆ ಬಂದ ಬಿಸಿಲು. ದ್ರಾಕ್ಷಾಯಿಣಿ ಸೈಕಲ್ ಮೇಲಿನ ಬಟ್ಟೆಯನ್ನೆಲ್ಲ ಬಾಚಿಕೊಂಡು ಹಿತ್ತಲಿಗೆ ಓಡಿದಳು. ಮೀಟಿಂಗಿನಲ್ಲಿ ಮಹಾದೇವನ ಬೆನ್ನ ಹಿಂದೆ ಮೊದಲ ಸಲ ಸೈಕಲ್ಲು ಸೈಕಲ್ಲಿನ ಹಾಗೆ ಕಾಣಿಸಿತು. ಫರ್ಗಲ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಅದು ಮೌಂಟನ್ ಬೈಕಲ್ಲವೇ? ಹೌದು. ಬೆಟ್ಟದ ಟ್ರೇಲುಗಳಿಗೆ ಹೋಗುತ್ತೀಯಾ? ಹೌದು. ಯಾವ ಯಾವುದಕ್ಕೆ?

ಇದಕ್ಕೆ ಮಾತ್ರ ಹೌದು ಅನ್ನುವ ಹಾಗಿರಲಿಲ್ಲ. ಮಹಾದೇವ ಮೇಜಿನ ಕೆಳಗೆ ಫೋನಿನಲ್ಲಿ ಹುಡುಕಿದ. ಟ್ರೇಲು ಅಂದರೆ ಕಾಡಿನೊಳಗೆ ಸೈಕಲ್ಲಿಗಾಗಿಯೇ ಕಡಿದ ಕಿರುದಾರಿ ಎಂದು ಅವನಿಗೆ ತಿಳಿದದ್ದೇ ಆಗ. ಕಣ್ಣಿಗೆ ಬಿದ್ದ ನಾಲ್ಕು ಹೆಸರನ್ನು ಅವನು ಗಟ್ಟಿಯಾಗಿ ಓದಿದ: ಸ್ಲೀವ್ ಬ್ಲೂಮ್, ಬ್ಯಾಲಿಹೌರಾ, ಡೆರೂರಾ, ಕೂಲೇನಿ. ಆಗಸ್ಟಿನಲ್ಲಿ ನಾಲ್ಕನ್ನೂ ಒಂದೇ ಪ್ರವಾಸದಲ್ಲಿ ಮುಗಿಸುವ ಪ್ಲಾನಿದೆ ಎಂದು ಬಾಯಿ ತಾನಾಗಿ ಸೇರಿಸಿತು.

"ಗ್ರ್ಯಾಂಡ್," ಅಂದ ಫರ್ಗಲ್. "ಬ್ಯಾಲಿಹೌರಾ ನಮ್ಮ ಮನೆಗೆ ಹತ್ತಿರ. ನಾನು ಅಲ್ಲಿ ನಿನ್ನ ಜೊತೆ ಸೇರಿಕೊಳ್ತೀನಿ."

ಮಹಾದೇವ ಕೊನೆಯ ಸಲ ಸೈಕಲ್ ಹತ್ತಿದ್ದು ಏಳನೇ ತರಗತಿಯಲ್ಲಿ. ಗಂಟೆ ಬಾಡಿಗೆಯ ಆ ಸೈಕಲ್ಲನ್ನು ಅವನು ಮೋರಿಯಿಂದ ಎತ್ತಿಕೊಂಡು ನಡೆದುಕೊಂಡೇ ಹೋಗಿ ವಾಪಸ್ ಕೊಟ್ಟಿದ್ದ.

ಇಷ್ಟಕ್ಕೇ ನಿಂತಿದ್ದರೆ ಇನ್ನೊಂದು ವಾರಕ್ಕೆ ಬೆನ್ನುನೋವು ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಕೋಣೆಯ ಬಾಗಿಲು ತೆರೆದಿತ್ತು. ಹೊರಗೆ ಮಾವ ಚನ್ನಬಸಪ್ಪನವರು ನಿಂತಿದ್ದರು.

ಚನ್ನಬಸಪ್ಪನವರು ಅರಸೀಕೆರೆ ಬಸ್ ನಿಲ್ದಾಣದಲ್ಲಿ ಮೂವತ್ತನಾಲ್ಕು ವರ್ಷ ಸಂಚಾರ ನಿಯಂತ್ರಕರಾಗಿದ್ದವರು. ಯಾವ ಬಸ್ಸು ಎಷ್ಟು ಗಂಟೆಗೆ ಬಿಡಬೇಕು, ಎಲ್ಲಿ ನಿಲ್ಲಬೇಕು ಎಂದು ಆಜ್ಞೆ ಮಾಡುವ ಕೆಲಸ. ಫೆಬ್ರವರಿಯಲ್ಲಿ ಎರಡು ತಿಂಗಳ ಮಟ್ಟಿಗೆಂದು ಮಗಳ ಮನೆಗೆ ಬಂದರು, ವಿಮಾನಗಳು ನಿಂತುಹೋದವು. ಅಲ್ಲಿಂದ ಸೋಫಾದ ಮೇಲೆ ಕುತ್ತಿಗೆಯ ತನಕ ಕಂಬಳಿ ಹೊದ್ದು ಕಿಟಕಿ ನೋಡುತ್ತಾ ಕೂತವರು ಎದ್ದದ್ದು ಕಡಿಮೆ. ಬೀದಿಯಲ್ಲಿ ಗಂಟೆಗೊಂದು ಟೌನ್ ಬಸ್ಸು ಖಾಲಿಯಾಗಿ ಹೋಗುತ್ತಿತ್ತು. ಅದು ಆರು ನಿಮಿಷ ತಡವಾದರೆ ಅವರು ನಿಟ್ಟುಸಿರು ಬಿಡುತ್ತಿದ್ದರು. ಮೇ ತಿಂಗಳ ಹೊತ್ತಿಗೆ ನಿಟ್ಟುಸಿರನ್ನೂ ಬಿಟ್ಟರು. ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ, ಗಡ್ಡ ತೆಗೆಯುತ್ತಿಲ್ಲ ಎಂದು ದ್ರಾಕ್ಷಾಯಿಣಿ ಅಡುಗೆಮನೆಯಲ್ಲಿ ಎರಡು ಸಲ ಅತ್ತಿದ್ದಳು.

ಅಂಥ ಮನುಷ್ಯ ಅಂದು ಊಟಕ್ಕೆ ಕರೆಯುವ ಮೊದಲೇ ಬಂದು ಕೂತರು.

"ಅಳಿಯಂದಿರೇ, ನಾಲ್ಕು ಸ್ಥಳ ಅಂದ್ರಲ್ಲ, ನಡುವೆ ಎಷ್ಟೆಷ್ಟು ಕಿಲೋಮೀಟರು?"

ಮಹಾದೇವ ಹೌದು ಅಂದ.

ಸಂಜೆಯೊಳಗೆ ಊಟದ ಮೇಜಿನ ಮೇಲೆ ಐರ್ಲೆಂಡಿನ ನಕಾಶೆ ಹರಡಿತ್ತು. ಚನ್ನಬಸಪ್ಪನವರು ಗಡ್ಡ ತೆಗೆದು, ಇಸ್ತ್ರಿ ಅಂಗಿ ಹಾಕಿ, ಸ್ಕೇಲು ಹಿಡಿದು ಗೆರೆ ಎಳೆಯುತ್ತಿದ್ದರು. ಆಗಸ್ಟ್ ಎಂಟು, ಶನಿವಾರ. ಅತ್ಲೋನ್ ಬಿಡುವುದು ಆರು ಹತ್ತು. ಸ್ಲೀವ್ ಬ್ಲೂಮ್ ತಲುಪುವುದು ಏಳು ಹದಿನೈದು. ಮಧ್ಯಾಹ್ನ ಬ್ಯಾಲಿಹೌರಾ. ಭಾನುವಾರ ಗಾಲ್ವೇ ಕಡೆಯ ಡೆರೂರಾ. ಸೋಮವಾರ ಸ್ಲೈಗೋ ಕಡೆಯ ಕೂಲೇನಿ. ಮೂತ್ರವಿಸರ್ಜನೆಗೆ ನಾಲ್ಕು ನಿಮಿಷ. ಮಹಾದೇವ ಮಾವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ದ್ರಾಕ್ಷಾಯಿಣಿ ಅಪ್ಪನ ತಟ್ಟೆಗೆ ಮೂರನೇ ರೊಟ್ಟಿ ಹಾಕುತ್ತಿದ್ದಳು; ಅವರು ಬೇಡ ಅನ್ನಲಿಲ್ಲ. ನನಗೆ ಸೈಕಲ್ ಬರುವುದಿಲ್ಲ ಎಂಬ ವಾಕ್ಯವನ್ನು ಮಹಾದೇವ ರೊಟ್ಟಿಯ ಜೊತೆ ನುಂಗಿದ.

ಮಾವನವರಿಗೆ ಉಳಿದದ್ದು ಒಂದೇ ಚಿಂತೆ, ದಾರಿಯಲ್ಲಿ ಊಟ. ಲಿಮೆರಿಕ್‌ನ ಅನಂತಕೃಷ್ಣ ಎಂಬವರು ಸುತ್ತಲಿನ ಕನ್ನಡಿಗರಿಗಾಗಿ ಒಂದು ವಾಟ್ಸಾಪ್ ಗುಂಪು ನಡೆಸುತ್ತಿದ್ದರು. ಚನ್ನಬಸಪ್ಪನವರು ಅದಕ್ಕೆ ಒಂದು ಧ್ವನಿ ಸಂದೇಶ ಕಳಿಸಿದರು. ಅವರ ಇಲಾಖೆಯಲ್ಲಿ ಹೊಸ ಬಸ್ಸನ್ನು ಮೊದಲು ಓಡಿಸಿ ನೋಡುವುದಕ್ಕೆ ಟ್ರಯಲ್ ಎನ್ನುತ್ತಿದ್ದರು. ಟ್ರೇಲು ಎಂಬ ಹೊಸ ಪದಕ್ಕೆ ಅವರ ನಾಲಿಗೆಯಲ್ಲಿ ಜಾಗವಿರಲಿಲ್ಲ. ಹಾಗಾಗಿ ಎಂಬತ್ತು ಮನೆಗಳಿಗೆ ಕೇಳಿಸಿದ್ದು ಇದು: "ನಮ್ಮ ಅಳಿಯಂದಿರು ಆಗಸ್ಟ್ ಎಂಟರಿಂದ ನಾಲ್ಕು ಟ್ರಯಲ್ ಮಾಡ್ತಾ ಇದಾರೆ. ಸಸ್ಯಾಹಾರಿಗಳು. ಲಿಮೆರಿಕ್ ಹತ್ರ ಯಾರಾದ್ರೂ ಒಂದು ಹೊತ್ತು ಊಟ ಕೊಡೋಕಾಗುತ್ತಾ?"

ಆ ಬೇಸಿಗೆಯಲ್ಲಿ ಟ್ರಯಲ್ ಅಂದರೆ ಲೋಕಕ್ಕೆಲ್ಲ ಒಂದೇ ಅರ್ಥ. ಕೋವಿಡ್ ಲಸಿಕೆಯನ್ನು ಯಾರ ಮೈಮೇಲೆ ಪ್ರಯೋಗಿಸುತ್ತಾರೆ, ಅವರು ಬದುಕುತ್ತಾರಾ ಎಂಬುದೇ ಬೆಳಗಿನ ಸುದ್ದಿ, ಸಂಜೆಯ ಸುದ್ದಿ. ಗುಂಪಿನಲ್ಲಿ ಮೊದಲು ಒಂದು ಕೈಮುಗಿದ ಚಿತ್ರ ಬಂತು. ಆಮೇಲೆ ಮೂವತ್ತು ಬಂದವು. ಯುಗಾದಿಯ ಒಬ್ಬಟ್ಟಿನ ವಿಷಯಕ್ಕೆ ಅಲ್ಲಿ ಜಗಳವಾದ ಮೇಲೆ ಮಹಾದೇವ ಆ ಗುಂಪನ್ನು ತೆರೆಯುತ್ತಲೇ ಇರಲಿಲ್ಲ. ಅವನಿಗೆ ಒಂದೂ ಕಾಣಲಿಲ್ಲ. ಮರುದಿನ ಅನಂತಕೃಷ್ಣರೇ ಫೋನ್ ಮಾಡಿದರು.

"ಮಹಾದೇವ್, ಭಯ ಆಗಲ್ವಾ ನಿಮಗೆ?"

ಇದೊಂದು ಪ್ರಶ್ನೆಗೆ ಅವನ ಹೌದು ಪ್ರಾಮಾಣಿಕವಾಗಿತ್ತು. "ಹೌದು ಸರ್. ಮೊದಲನೇದು ಪರವಾಗಿಲ್ಲವಂತೆ. ನಾಲ್ಕನೇದು ಕಷ್ಟ ಅಂತಾರೆ."

"ಮನೇಲಿ ಒಪ್ಪಿದ್ರಾ?"

"ಪ್ಲಾನೆಲ್ಲ ಮಾವನೋರದೇ. ಯಾವತ್ತು ಎಲ್ಲಿ ಅಂತ ನಿಮಿಷದ ಸಮೇತ ಬರೆದಿಟ್ಟಿದಾರೆ."

ಅನಂತಕೃಷ್ಣರ ಮಾವನೂ ಆರು ತಿಂಗಳಿಂದ ಅವರ ಮನೆಯಲ್ಲೇ ಇದ್ದರು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ಅವರು ಮೆಲ್ಲಗೆ ಕೇಳಿದರು.

"ನಮ್ಮ ಜವಾಬ್ದಾರಿ ಮೇಲೇ ಹೋಗಬೇಕು ಸರ್. ಹಾಗಂತ ಬೋರ್ಡ್ ಹಾಕಿದಾರಂತೆ."

ಇಷ್ಟು ನಿರ್ಲಿಪ್ತವಾಗಿ ಮೃತ್ಯುವಿನ ಬಗ್ಗೆ ಮಾತಾಡುವವನನ್ನು ಅನಂತಕೃಷ್ಣರು ಕಂಡಿರಲಿಲ್ಲ. ಆಗಸ್ಟ್ ಎರಡರ ಭಾನುವಾರ ಆನ್‌ಲೈನ್ ಸನ್ಮಾನ ಎಂದು ತೀರ್ಮಾನವಾಯಿತು. ಶಾಲು ಮತ್ತು ಮೈಸೂರು ಪೇಟ ಅಂಚೆಯಲ್ಲಿ ಬಂದವು. ಸೈಕಲ್ ಹೊಡೆಯುವವರಿಗೆ ಇಷ್ಟು ಮರ್ಯಾದೆಯೇ ಎಂದು ಮಹಾದೇವನಿಗೆ ಆಶ್ಚರ್ಯವಾಯಿತು. ಆದರೆ ಲಾಕ್‌ಡೌನಿನಲ್ಲಿ ಜನರಿಗೆ ಮಾಡಲು ಕೆಲಸವಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಭಾನುವಾರ ಸಂಜೆ ಮಹಡಿಯ ಕೋಣೆಯಲ್ಲಿ ಅವನು ಪೇಟ ತೊಟ್ಟು, ಶಾಲು ಹೊದ್ದು ಕೂತ. ಪಕ್ಕದಲ್ಲಿ ಮಾವನವರು, ಹಿಂದೆ ಸೈಕಲ್ಲು. ದ್ರಾಕ್ಷಾಯಿಣಿಗೆ ಡ್ಯೂಟಿ ಇತ್ತು. ಅವಳು ಊರಾಚೆ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ಪರದೆಯಲ್ಲಿ ನಲವತ್ತಾರು ಮನೆಗಳು. ಅನಂತಕೃಷ್ಣರು, ದೇಹವನ್ನೇ ಒಡ್ಡಿಕೊಳ್ಳುವವರು ವಿರಳ ಎಂದರು. ಸೈಕಲ್ಲಿಗೂ ದೇಹ ಬೇಕಲ್ಲ, ಮಹಾದೇವ ತಲೆದೂಗಿದ. ಚನ್ನಬಸಪ್ಪನವರಿಗೆ ಎರಡು ಮಾತಾಡಲು ಹೇಳಿದಾಗ ಅವರು ಎದ್ದು ನಿಂತು ವೇಳಾಪಟ್ಟಿ ಓದಿದರು. ಬೆಳಗ್ಗೆ ಏಳು ಹದಿನೈದಕ್ಕೆ ಒಂದನೇ ಟ್ರಯಲ್. ಮಧ್ಯಾಹ್ನ ಎರಡಕ್ಕೆ ಎರಡನೇ ಟ್ರಯಲ್.

ಲಿಮೆರಿಕ್‌ನಲ್ಲಿ ವೈದ್ಯೆಯಾಗಿದ್ದ ಚೈತನ್ಯಾ ಎಂಬಾಕೆ ತಡೆದರು. "ಒಂದೇ ದಿನ ಎರಡಾ? ಅದು ಸಾಧ್ಯಾನೇ ಇಲ್ಲ. ಯಾವ ಕಂಪನೀದು ಅದು?"

ಮಹಾದೇವ ಹಿಂದೆ ತಿರುಗಿ ಸೈಕಲ್ಲನ್ನು ನೋಡಿದ. ಹೆಸರು ಓದಲು ಆಗದಷ್ಟು ಬಟ್ಟೆ ಸೋಪಿನ ಕಲೆ ಮೆತ್ತಿತ್ತು. "ಕಂಪನಿ ಗೊತ್ತಿಲ್ಲ ಮೇಡಂ. ತೈವಾನ್‌ದು."

ತೈವಾನಿನವರೂ ಕಂಡುಹಿಡಿದಿದ್ದಾರೆ ಎಂಬ ಸುದ್ದಿ ಅಂದೇ ಡಬ್ಲಿನ್‌ವರೆಗೆ ಹೋಯಿತು.

ಸನ್ಮಾನ ಮಾಡಿದ ಜನವೇ ಮಾರನೆಯ ದಿನದಿಂದ ಅವನನ್ನು ಕಂಡರೆ ದೂರ ಸರಿಯತೊಡಗಿದರು. ಇಂಡಿಯನ್ ಅಂಗಡಿಯವನು ತೊಗರಿಬೇಳೆ ಚೀಲವನ್ನು ಬಾಗಿಲಾಚೆ ಇಟ್ಟು, ಒಳಗಿನಿಂದಲೇ ಕೈ ಮುಗಿದ. ದಾರಿಯಲ್ಲಿ ಸಿಕ್ಕ ಕನ್ನಡದ ಕುಟುಂಬವೊಂದು ರಸ್ತೆಯ ಆ ಬದಿಗೆ ದಾಟಿ, ಅಲ್ಲಿಂದ ಶುಭ ಹಾರೈಸಿತು. ಮಹಾದೇವ ಎರಡು ಸಲ ಸ್ನಾನ ಮಾಡಿ ನೋಡಿದ.

ಬುಧವಾರ ಹನ್ನೊಂದು ಗಂಟೆಗೆ, ಡ್ಯೂಟಿಯಲ್ಲಿರಬೇಕಾದ ದ್ರಾಕ್ಷಾಯಿಣಿ ಮನೆಗೆ ಬಂದಳು. ಕೋಟು ಬಿಚ್ಚದೆ ಮೆಟ್ಟಿಲು ಹತ್ತಿ ಬಂದು ಅವನ ಎದುರು ನಿಂತಳು.

"ರೀ, ಯಾವ ಇಂಜೆಕ್ಷನ್ ಚುಚ್ಚಿಸ್ಕೊಂಡಿದೀರಿ?"

ಅಭ್ಯಾಸಬಲದಿಂದ ಹೌದು ಅನ್ನಲು ಬಾಯಿ ತೆರೆದ ಮಹಾದೇವ ಅವಳ ಮುಖ ನೋಡಿ ಮುಚ್ಚಿಕೊಂಡ.

ಆದದ್ದಿಷ್ಟು. ಅವಳ ಕೇಂದ್ರದಲ್ಲಿ ಮಧುಶ್ರೀ ಎಂಬ ಕನ್ನಡದ ವಿದ್ಯಾರ್ಥಿನಿ ಬಿಡುವಿನಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಅಭಿಮಾನದಿಂದ ಮೇಲಧಿಕಾರಿ ಬರ್ನಡೆಟ್‌ಗೆ ಸುದ್ದಿ ಹೇಳಿದ್ದಳು. ತೊಂಬತ್ತು ದಾಟಿದ ಇಪ್ಪತ್ತೆರಡು ಜೀವಗಳನ್ನು ಮಾರ್ಚಿನಿಂದ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಬರ್ನಡೆಟ್ ಹೌಹಾರಿ, ಗಂಡನ ಮೈಯಲ್ಲಿ ಅದೇನು ಹರಿಯುತ್ತಿದೆ ಎಂದು ತಿಳಿಯುವ ತನಕ ಬರಬೇಡ ಎಂದು ದ್ರಾಕ್ಷಾಯಿಣಿಯನ್ನು ಮನೆಗೆ ಕಳಿಸಿದ್ದಳು. ಬರೀ ಸೈಕಲ್ ಸವಾರಿ ಅಂತ ದ್ರಾಕ್ಷಾಯಿಣಿ ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

"ಹದಿನಾಲ್ಕನೇ ರೂಮಿನ ಅಜ್ಜಿ ನನ್ನ ಕೈಲಿ ಬಿಟ್ಟು ಬೇರೆಯವರ ಕೈಲಿ ಊಟ ಮಾಡಲ್ಲ," ಎಂದು ದ್ರಾಕ್ಷಾಯಿಣಿ ಕಿಟಕಿಯ ಕಡೆ ತಿರುಗಿ ಹೇಳಿದಳು. "ಮಧ್ಯಾಹ್ನಕ್ಕೆ ಏನು ಮಾಡ್ತಾರೋ."

ಮಹಾದೇವ ತಕ್ಷಣ ಅನಂತಕೃಷ್ಣರಿಗೆ ಫೋನ್ ಮಾಡಿ, ತಾನು ಯಾವ ಲಸಿಕೆಯ ಹತ್ತಿರವೂ ಹೋಗಿಲ್ಲ, ಹೋಗುವುದಿಲ್ಲ, ತನ್ನದು ಬರೀ ಸೈಕಲ್ಲು ಎಂದು ಬಿಡಿಸಿ ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು.

"ಅರ್ಥ ಆಯ್ತು ಮಹಾದೇವ್. ಹೊರಗೆ ಬಾಯಿ ಬಿಡಬಾರದು ಅಂತ ಸೈನ್ ಮಾಡಿಸ್ಕೊಂಡಿರ್ತಾರೆ. ಇನ್ಮೇಲೆ ನಾವೂ ಸೈಕಲ್ ಅಂತಾನೇ ಹೇಳ್ತೀವಿ."

ಐದು ನಿಮಿಷಕ್ಕೆ ಗುಂಪಿನಲ್ಲಿ ಸೂಚನೆ ಬಂತು: ಯಾರು ಕೇಳಿದರೂ ಮಹಾದೇವ್ ಅವರದು ಸೈಕಲ್ ಎಂದೇ ಹೇಳತಕ್ಕದ್ದು. ಮಧುಶ್ರೀ ಅದನ್ನೂ ಬರ್ನಡೆಟ್‌ಗೆ ಅನುವಾದಿಸಿದಳು. ಇದಾದ ಮೇಲೆ ಸೈಕಲ್ ಎಂಬ ಪದವೇ ಬರ್ನಡೆಟ್‌ಗೆ ಗುಮಾನಿ ಹುಟ್ಟಿಸತೊಡಗಿತು. ಅವನ ಆಫೀಸಿನ ದೊಡ್ಡವರು ಯಾರಾದರೂ ಆ ಸೈಕಲ್ ಸವಾರಿಯನ್ನು ತಮ್ಮ ಕಣ್ಣಾರೆ ಕಂಡು, ವಿಡಿಯೋ ಸಮೇತ ಹೇಳಿದರೆ ಮಾತ್ರ ಸೋಮವಾರ ಕೆಲಸಕ್ಕೆ ಸೇರಿಸಿಕೊಳ್ಳುತ್ತೇನೆ ಎಂದಳು. ಅಂದರೆ ಫರ್ಗಲ್. ಅಂದರೆ ಬ್ಯಾಲಿಹೌರಾ.

ಶುಕ್ರವಾರ, ಆಗಸ್ಟ್ ಏಳರ ಸಂಜೆ, ಸರ್ಕಾರ ಟೀವಿಯಲ್ಲಿ ಬಂದು ಕಿಲ್ಡೇರ್, ಲೀಶ್, ಆಫಲಿ ಈ ಮೂರು ಜಿಲ್ಲೆಗಳನ್ನು ಅಂದಿನಿಂದಲೇ ಮುಚ್ಚಿತು. ಸ್ಲೀವ್ ಬ್ಲೂಮ್ ಬೆಟ್ಟ ಇರುವುದು ಲೀಶ್ ಮತ್ತು ಆಫಲಿಯಲ್ಲಿ. ಲಿಮೆರಿಕ್‌ಗೆ ಹೋಗುವ ಹತ್ತಿರದ ದಾರಿಯೂ ಆಫಲಿಯ ಮೇಲೆಯೇ. ಮಹಾದೇವ ಸೋಫಾದಲ್ಲಿ ಕೂತು, ಒಂದು ದೇಶದ ಆರೋಗ್ಯ ಮಂತ್ರಿಯ ಮೇಲೆ ಮನುಷ್ಯನಿಗೆ ಎಷ್ಟು ಪ್ರೀತಿ ಹುಟ್ಟಬಹುದೋ ಅಷ್ಟನ್ನೂ ಅನುಭವಿಸಿದ. ಚನ್ನಬಸಪ್ಪನವರು ಟೀವಿ ಆರಿಸಿ ನಕಾಶೆ ಬಿಚ್ಚಿದರು. ಹತ್ತು ನಿಮಿಷ ಸ್ಕೇಲು ಇಟ್ಟು ಗೆರೆ ಎಳೆದರು.

"ಒಂದನೇ ಟ್ರಿಪ್ ರದ್ದು," ಎಂದರು ಆಮೇಲೆ. "ಬ್ಯಾಲಿಹೌರಾ ಬೆಳಗ್ಗೆಗೆ ತಗೊಂಡಿದೀನಿ. ಬದಲಿ ಮಾರ್ಗ ಇದೆ. ಬ್ಯಾಲಿನಸ್ಲೋ, ಲಾಕ್ರೇ, ಗಾರ್ಟ್. ಇಪ್ಪತ್ತೈದು ನಿಮಿಷ ಜಾಸ್ತಿ, ಆದರೆ ಮುಚ್ಚಿದ ಜಿಲ್ಲೆಯ ಮಣ್ಣು ಟಯರಿಗೆ ತಾಕಲ್ಲ."

ಶನಿವಾರ ಆರು ಹತ್ತಕ್ಕೆ ಕಾರು ಹೊರಟಿತು. ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಹಿಂದಿನ ಸೀಟು ಅರ್ಧ ಮಡಚಿ, ಹೇಗೋ ತುರುಕಿದ್ದಾಗಿತ್ತು. ಮುಂದೆ ಗಂಡ ಹೆಂಡತಿ, ಹಿಂದೆ ಉಳಿದರ್ಧದಲ್ಲಿ ಚನ್ನಬಸಪ್ಪನವರು ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಗಾರ್ಟ್‌ನಲ್ಲಿ ನಾಲ್ಕು ನಿಮಿಷ ನಿಂತಿತು. ಮಹಾದೇವನಿಗೆ ಹೊಟ್ಟೆನೋವು ನಿಜವಾಗಿಯೇ ಬಂದಿತ್ತು, ಆದರೆ ನಾಲ್ಕು ನಿಮಿಷದಲ್ಲಿ ಅದನ್ನು ಯಾರಿಗೂ ಮನವರಿಕೆ ಮಾಡಿಕೊಡಲಾಗಲಿಲ್ಲ.

ಬ್ಯಾಲಿಹೌರಾದ ಪಾರ್ಕಿಂಗಿನಲ್ಲಿ ಫರ್ಗಲ್ ಆಗಲೇ ಬಂದು ನಿಂತಿದ್ದ. ಮೊಣಕಾಲಿಗೆ, ಮೊಣಕೈಗೆ, ಎದೆಗೆ ಕವಚ ಕಟ್ಟಿದ್ದ. ಮಹಾದೇವ ಮೀಟಿಂಗಿಗೆ ಹಾಕುವ ಅಂಗಿ ಹಾಕಿದ್ದ. ವಿಷಯವೆಲ್ಲ ಕೇಳಿ ಫರ್ಗಲ್ ತುಂಬ ನಕ್ಕು, ಮೊದಲನೆಯ ತಿರುವಿನಲ್ಲಿ ನಿಂತು ತಾನೇ ವಿಡಿಯೋ ತೆಗೆಯುತ್ತೇನೆಂದು ಮುಂದೆ ಹೋದ.

ದಾರಿ ಪೈನ್ ಮರಗಳ ನಡುವೆ ಇಳಿಜಾರಾಗಿ ಹೋಗಿತ್ತು. ಒಂದು ಮೊಳ ಅಗಲ. ನಡುವೆ ಬೇರು, ಕಲ್ಲು, ರಾತ್ರಿಯ ಮಳೆಯ ಕೆಸರು. ಮಹಾದೇವ ಸೀಟಿನ ಮೇಲೆ ಕೂತ. ಚನ್ನಬಸಪ್ಪನವರು ಗಡಿಯಾರ ನೋಡಿ "ರೈಟ್" ಅಂದರು.

ಫರ್ಗಲ್‌ನ ಫೋನಿನಲ್ಲಿ ಉಳಿದದ್ದು ಹನ್ನೊಂದು ಸೆಕೆಂಡು. ಮೊದಲ ನಾಲ್ಕರಲ್ಲಿ ಮಹಾದೇವ ಸೈಕಲ್ ಮೇಲೆ ಇದ್ದಾನೆ. ಆಮೇಲೆ ಸೈಕಲ್ಲು ಒಂದೇ ಬರುತ್ತದೆ. ಕೊನೆಗೆ ಒಂದು ಮುಳ್ಳುಪೊದೆ, ಅದರೊಳಗಿನಿಂದ 'ದ್ರಾಕ್ಷಾ' ಎಂಬ ಕೂಗು.

ಎಳೆದು ಹೊರಗೆ ತಂದಾಗ ಎಡಗೈ ಮಣಿಕಟ್ಟು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ದ್ರಾಕ್ಷಾಯಿಣಿ ದುಪಟ್ಟಾ ಬಿಚ್ಚಿ ಜೋಳಿಗೆ ಕಟ್ಟಿ ಅವನ ಕೈಯನ್ನು ಅದರಲ್ಲಿಟ್ಟಳು. ಬೆರಳು ಅಲ್ಲಾಡಿಸಿ ನೋಡಿದಳು, ಅಲ್ಲಾಡಿದವು. ಫರ್ಗಲ್ ಮುಜುಗರದಿಂದ, ಈ ವಿಡಿಯೋ ಕಳಿಸಿದರೆ ಬರ್ನಡೆಟ್ ಇವನಿಗೆ ನಿಜವಾಗಿಯೂ ಏನೋ ಚುಚ್ಚಿದ್ದಾರೆ ಅಂದುಕೊಂಡಾಳು ಎಂದ. ಅದು ನ್ಯಾಯವಾದ ಮಾತಾಗಿತ್ತು.

ದ್ರಾಕ್ಷಾಯಿಣಿ ಸ್ವಲ್ಪ ಹೊತ್ತು ದಾರಿಯನ್ನು ನೋಡಿದಳು. ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಬ್ರೇಕ್ ಹಿಡಿದು ನೋಡಿ, ಸೀಟು ಎರಡು ಬೆರಳು ಇಳಿಸಿದಳು.

"ಫೋನ್ ಆನ್ ಮಾಡೋಕೆ ಹೇಳಿ," ಎಂದಳು ಗಂಡನಿಗೆ.

ಅವಳು ಹೋದದ್ದು ಮಹಾದೇವನಿಗೆ ಸರಿಯಾಗಿ ಕಾಣಲೂ ಇಲ್ಲ. ಕೆಸರು ಸಿಡಿದ ಸದ್ದು, ತಿರುವಿನಲ್ಲಿ ಫರ್ಗಲ್‌ನ ಶಿಳ್ಳೆ, ಆಮೇಲೆ ಬರೀ ಮರಗಳು. ಅವಳು ಕಾಲೇಜಿಗೆ ದಿನಾ ಹನ್ನೊಂದು ಕಿಲೋಮೀಟರು ಸೈಕಲ್ ತುಳಿದುಕೊಂಡು ಹೋಗುತ್ತಿದ್ದಳು ಎಂದು ಚನ್ನಬಸಪ್ಪನವರು ಹೇಳಿದರು. ಹನ್ನೆರಡು ವರ್ಷದ ಸಂಸಾರದಲ್ಲಿ ಮಹಾದೇವ ಇದನ್ನು ಕೇಳಿಯೇ ಇರಲಿಲ್ಲ.

ಮಾವ ಅಳಿಯ ಇಬ್ಬರೂ ಮರದ ಬೆಂಚಿನ ಮೇಲೆ ಕೂತರು. ಮಳೆ ಹನಿಯತೊಡಗಿತು. ಮಹಾದೇವನಿಗೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಮಾವ, ನನಗೆ ಸೈಕಲ್ ಬರಲ್ಲ. ಮೊದಲಿಂದಲೂ ಬರ್ತಿರ್ಲಿಲ್ಲ. ಆ ಪ್ಲಾನೆಲ್ಲ ಸುಳ್ಳು."

ಚನ್ನಬಸಪ್ಪನವರು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. "ನೀವು ಮಹಡಿ ಕೋಣೇಲಿ ಆ ಸೈಕಲ್ ಹ್ಯಾಂಡಲ್ ಹಿಡಿಯೋದು ನೋಡಿದಾಗಲೇ ಗೊತ್ತಾಯ್ತು. ಎಮ್ಮೆ ಕೊಂಬು ಹಿಡಿದ ಹಾಗೆ ಹಿಡೀತೀರಿ."

"ಗೊತ್ತಿದ್ದೂ ಟೈಮ್ ಟೇಬಲ್ ಬರೆದ್ರಾ?"

"ಐದು ತಿಂಗಳಿಂದ ಆ ಸೋಫಾದಲ್ಲಿ ನಾನು ಏನಾಗಿದ್ದೆ ಅಂತ ನಿಮಗೆ ಗೊತ್ತಿಲ್ಲ ಅಳಿಯಂದಿರೇ." ಅವರು ಗಂಟಲು ಸರಿಮಾಡಿಕೊಂಡರು. "ಮೂವತ್ತನಾಲ್ಕು ವರ್ಷ ನಾನು ಬಸ್ಸು ಬಿಟ್ಟೋನು, ಒಂದು ದಿನ ಓಡಿಸಿದೋನಲ್ಲ. ನೀವು ರೈಲು ಬಿಟ್ರಿ. ಏನೋ ಒಂದು ಹೊರಡ್ತಲ್ಲ, ಅಷ್ಟು ಸಾಕಾಗಿತ್ತು ನನಗೆ."

ಮಹಾದೇವ ಹೌದು ಅಂದ.

ನಲವತ್ತೊಂದು ನಿಮಿಷಕ್ಕೆ ದ್ರಾಕ್ಷಾಯಿಣಿ ಬಂದಳು. ಮುಖದ ತುಂಬ ಕೆಸರು, ಅದರೊಳಗೆ ಹಲ್ಲು ಕಾಣುತ್ತಿತ್ತು. ಅವಳು ನಗುತ್ತಿದ್ದಾಳೆ ಎಂದು ಗೊತ್ತಾಗಲು ಮಹಾದೇವನಿಗೆ ಒಂದು ಕ್ಷಣ ಬೇಕಾಯಿತು. ಮಾರ್ಚಿನಿಂದ ಈಚೆಗೆ ಅವನು ಅದನ್ನು ನೋಡಿರಲಿಲ್ಲ. ಫರ್ಗಲ್ ಎರಡು ವಿಡಿಯೋಗಳನ್ನೂ ಕಳಿಸಿ, ಇದು ಬರೀ ಸೈಕಲ್ ಸವಾರಿಯೇ, ಕಣ್ಣಾರೆ ಕಂಡೆ ಎಂದು ಬರೆದ. ಅವರು ಪಾರ್ಕಿಂಗ್ ಬಿಡುವ ಮೊದಲೇ ಬರ್ನಡೆಟ್‌ಳ ಉತ್ತರ ಬಂತು. ಸೋಮವಾರ ಕೆಲಸಕ್ಕೆ ಬಾ, ಗಂಡನಿಗೆ ಪೊದೆಯಿಂದ ದೂರವಿರಲು ಹೇಳು. ವಿಡಿಯೋ ಮಧುಶ್ರೀಯ ಕೈಗೂ ಹೋಗಿ, ಅಲ್ಲಿಂದ ಗುಂಪಿಗೆ ಬಿತ್ತು. ನಲವತ್ತಾರು ಮನೆಯವರಿಗೆ ಮೋಸವಾದಂತಾಯಿತು. ಸಾಯುತ್ತಾನೆಂದು ಸನ್ಮಾನ ಮಾಡಿದವನು ಸಾಯುವುದಿಲ್ಲ ಎಂದರೆ ಯಾರಿಗಾದರೂ ಬೇಜಾರೇ. ಶಾಲು, ಪೇಟ ಎರಡನ್ನೂ ಸೋಮವಾರವೇ ಅಂಚೆಗೆ ಹಾಕಿ ಎಂದು ಅನಂತಕೃಷ್ಣರು ಸಂದೇಶ ಕಳಿಸಿದರು. ಕೊನೆಯಲ್ಲಿ ಕೈಮುಗಿದ ಚಿತ್ರ ಇರಲಿಲ್ಲ.

ವಾಪಸಾಗುವಾಗ ದ್ರಾಕ್ಷಾಯಿಣಿಯೇ ಕಾರು ಓಡಿಸಿದಳು. ಮಹಾದೇವ ಪಕ್ಕದಲ್ಲಿ ಕೈ ಹಿಡಿದುಕೊಂಡು ನರಳುತ್ತಿದ್ದ. ಹಿಂದೆ ಚನ್ನಬಸಪ್ಪನವರು ಕೆಸರಿನ ಚಕ್ರದ ಮೇಲೆ ಪುಸ್ತಕ ಇಟ್ಟುಕೊಂಡು ಗೀರುಗೀರಾಗಿ ಬರೆಯುತ್ತಿದ್ದರು. ಲಿಮೆರಿಕ್‌ನಲ್ಲಿ ಆಸ್ಪತ್ರೆ, ನಲವತ್ತು ನಿಮಿಷ ಎಂದು ಓದಿದರು. ಆಸ್ಪತ್ರೆಗೆ ಆ ನಲವತ್ತು ನಿಮಿಷದ ವಿಷಯ ಗೊತ್ತಿಲ್ಲ ಎಂದು ಹೇಳುವ ಶಕ್ತಿ ಯಾರಿಗೂ ಇರಲಿಲ್ಲ.

"ನಾಳೆ ಡೆರೂರಾ, ಬಿಡೋದು ಆರು ಹತ್ತಕ್ಕೆ," ಎಂದರು. "ಸೋಮವಾರ ಚಾಲಕಿಗೆ ಬೇರೆ ಡ್ಯೂಟಿ ಇದೆ, ಕೂಲೇನಿ ಮುಂದಿನ ಶನಿವಾರಕ್ಕೆ."

"ಮಾವ," ಎಂದ ಮಹಾದೇವ, "ನನ್ನ ಕೈ ಮುರಿದಿದೆ."

"ಚಾಲಕಿ ಅಂತ ದ್ರಾಕ್ಷಾಯಿಣಿ ಹೆಸರು ಬರೆದಿದೀನಿ. ನಿಮ್ಮನ್ನ ನಿರ್ವಾಹಕ ಅಂತ ಹಾಕಿದೀನಿ." ಚನ್ನಬಸಪ್ಪನವರು ಪುಟಕ್ಕೆ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿದರು. "ಸೀಟಿ ಊದೋಕೆ ಎರಡು ಕೈ ಬೇಕಾಗಿಲ್ಲ."